ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಹೊಸಬರಿಗೆ ಯಾವ ಎಡಿಶನ್?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. ಐದು ಜನ ಗೆಳೆಯರಿದ್ದೀರಿ, ಒಬ್ಬರೂ ಇದುವರೆಗೆ ಡಿ ಅಂಡ್ ಡಿ, ಅಂದರೆ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಡೈಸ್ ಉರುಳಿಸುತ್ತ ಸಾಹಸದ ಕಥೆ ನಡೆಸುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಡಿಲ್ಲ. ಇಬ್ಬರಿಗೆ ಕಂಪ್ಯೂಟರಿನಲ್ಲಿ ಇದೇ ಆಟದ ರೂಲ್ಸ್ ಮೇಲೆ ಕಟ್ಟಿದ ಬಾಲ್ಡರ್ಸ್ ಗೇಟ್ 3 ಆಡಿ ಹುಚ್ಚು ಹಿಡಿದಿದೆ. ಒಬ್ಬರ ಅಣ್ಣನ ಕಪಾಟಿನಲ್ಲಿ 3.5 ಎಡಿಶನ್ನಿನ ಪುಸ್ತಕಗಳಿವೆ, ಪುಕ್ಕಟೆ ಸಿಗುತ್ತವೆ. ಇನ್ನೊಬ್ಬರು "ಎಂಬತ್ತರ ದಶಕದ ರೂಲ್ಸೇ ನಿಜವಾದ ಆಟ" ಅಂತ ಹಠ ಹಿಡಿದಿದ್ದಾರೆ. ಅಂಗಡಿಯಲ್ಲಿ ನೋಡಿದರೆ 2024ರ ಪುಸ್ತಕ. ಯಾವುದನ್ನು ಕಲಿಯಬೇಕು ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ: 5ನೇ ಎಡಿಶನ್. 2014ರದ್ದಾದರೂ ಸರಿ, 2024ರದ್ದಾದರೂ ಸರಿ. 3.5 ಅಣ್ಣನ ಕಪಾಟಿನಲ್ಲೇ ಇರಲಿ. ಆದರೆ ಹಳೇ ರೂಲ್ಸ್ ಬೇಕು ಅನ್ನುವ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಅವರನ್ನು ಸುಮ್ನೆ ಬಾಯಿ ಮುಚ್ಚಿಸಬೇಡಿ.

ನನ್ನ ಲೆಕ್ಕ ಇಷ್ಟು: ಹಾಸ್ಟೆಲ್‌ನಲ್ಲಿ ಎರಡು ವರ್ಷ 3.5, ಕೆಲಸಕ್ಕೆ ಸೇರಿದ ಮೇಲೆ 5, ಕೋವಿಡ್ ಕಳೆದ ಮೇಲೆ 1981ರ ರೂಲ್ಸ್. 4ನೇ ಎಡಿಶನ್ ಆರೇಳು ಸಲ ಆಡಿದ್ದೇನೆ, ಅಷ್ಟೇ.

ಚೌಕಾಬಾರ ಆಡಿದ್ದೀರಲ್ಲ? ನಮ್ಮ ಅಜ್ಜಿ ಮನೆಯಲ್ಲಿ ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವ ಹಾಗಿರಲಿಲ್ಲ. ಸೋದರತ್ತೆ ಮನೆಯಲ್ಲಿ ಆ ನಿಯಮ ಇರಲಿಲ್ಲ. ಅದೇ ಕವಡೆ, ಅದೇ ಮನೆಗಳು. ಆದರೂ ಅಜ್ಜಿ ಮನೆಯಲ್ಲಿ ಎಲ್ಲರೂ ಕಡಿಯಲು ಹೊಂಚು ಹಾಕುತ್ತ ಕೂರುತ್ತಿದ್ದೆವು. ಅತ್ತೆ ಮನೆಯಲ್ಲಿ ಯಾರ ಗೊಡವೆಯೂ ಇಲ್ಲದೆ ಹಣ್ಣು ಮಾಡಿಕೊಳ್ಳುವ ಓಟ. ಡಿ ಅಂಡ್ ಡಿ ಎಡಿಶನ್‌ಗಳ ವ್ಯತ್ಯಾಸವೂ ಇದೇ ಜಾತಿಯದು. ಕತ್ತಿ, ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು, 20 ಮುಖದ ಡೈಸ್ ಎಲ್ಲದರಲ್ಲೂ ಇವೆ. ಯಾವ ಕೆಲಸಕ್ಕೆ ಆಟ ಫಲ ಕೊಡುತ್ತದೆ ಅನ್ನುವುದು ಬದಲಾಗುತ್ತದೆ. ಆಟಗಾರರು ಬೇಗ ಮೂಸಿ ಕಂಡುಹಿಡಿಯುತ್ತಾರೆ.

ವರ್ಷಗಳು ಒಮ್ಮೆ ಕಿವಿಗೆ ಬಿದ್ದಿರಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರ ಮೊದಲ ಆಟ ಬಂದದ್ದು 1974ರಲ್ಲಿ, ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಕ. ಪ್ರಕಟಿಸಿದ ಕಂಪನಿ ಟಿಎಸ್‌ಆರ್, ಊರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ. ಆಮೇಲೆ ಆಟ ಎರಡು ಕವಲಾಯಿತು. ಒಂದು ಕಡೆ ಹೊಸಬರಿಗೆ ಸರಳ ಪೆಟ್ಟಿಗೆಗಳು: 1977, 1981, 1983. ಇನ್ನೊಂದು ಕಡೆ 'ಅಡ್ವಾನ್ಸ್ಡ್' ಹೆಸರಿನ ದಪ್ಪ ಪುಸ್ತಕಗಳು, 1977ರಿಂದ 79ರವರೆಗೆ ಒಂದೊಂದಾಗಿ. ಅದರ ಎರಡನೇ ಎಡಿಶನ್ 1989ರಲ್ಲಿ. 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನುವ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. 2000ದಲ್ಲಿ 3, 2003ರಲ್ಲಿ 3.5, 2008ರಲ್ಲಿ 4, 2014ರಲ್ಲಿ 5, ಅದರ ತಿದ್ದುಪಡಿ 2024ರಲ್ಲಿ. ನಿಮ್ಮ ಗೆಳೆಯರು ಹೇಳುತ್ತಿರುವುದು ಬಹುಶಃ 1981ರ ಪೆಟ್ಟಿಗೆ. ಜನ ಅದನ್ನು ಬಿ/ಎಕ್ಸ್ ಅಂತಾರೆ, ಬೇಸಿಕ್ ಮತ್ತು ಎಕ್ಸ್‌ಪರ್ಟ್. ಅದಕ್ಕೆ ಈ ಎಡಿಶನ್ ಅಂಕಿಗಳ ಸಾಲಿನಲ್ಲಿ ಜಾಗವೇ ಇಲ್ಲ, ಅದಕ್ಕೇ ಗೊಂದಲ.

ಈಗ ಆ ಹಳೇ ಆಟದ ಜೀವಾಳಕ್ಕೆ ಬರುತ್ತೇನೆ. 1981ರ ರೂಲ್ಸ್‌ನಲ್ಲಿ ಫೈಟರ್, ಅಂದರೆ ಕತ್ತಿ ಹಿಡಿದು ಕಾದಾಡುವ ಪಾತ್ರ, ಎರಡನೇ ಲೆವೆಲ್‌ಗೆ ಹೋಗಲು 2000 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಒಂದು ಗಾಬ್ಲಿನ್ ಕೊಂದರೆ ಸಿಗುವುದು 5. ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು! ಹಾಗಾದರೆ ಲೆವೆಲ್ ಏರುವುದು ಹೇಗೆ? ನೆಲಮಾಳಿಗೆಯಿಂದ ಹೊರಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಗಾಬ್ಲಿನ್‌ನ ಜೀವಕ್ಕೆ 5, ಅದರ ಪೆಟ್ಟಿಗೆಯಲ್ಲಿರುವ 300 ನಾಣ್ಯಕ್ಕೆ 300. ಇಷ್ಟು ಗೊತ್ತಾದ ಮೇಲೆ ಯಾವ ಬುದ್ಧಿವಂತ ಕತ್ತಿ ಹಿರಿಯುತ್ತಾನೆ? ಕದಿಯುತ್ತಾನೆ, ಲಂಚ ಕೊಡುತ್ತಾನೆ, ಸುಳ್ಳು ಹೇಳುತ್ತಾನೆ, ಕಿಟಕಿಯಿಂದ ಇಳಿಯುತ್ತಾನೆ. ನಾಣ್ಯಕ್ಕೆ ತೂಕವೂ ಇದೆ. ಹತ್ತು ನಾಣ್ಯಕ್ಕೆ ಒಂದು ಪೌಂಡ್. ಸಾವಿರ ನಾಣ್ಯ ಅಂದರೆ ಹತ್ತಿರ ಹತ್ತಿರ 45 ಕಿಲೋ. ಹೊತ್ತವನು ಓಡಲಾರ. ಇಡೀ ಸಾಹಸ ಒಂದು ಸಾಮಾನು ಸಾಗಿಸುವ ಕಥೆಯಾಗುತ್ತದೆ, ತಮಾಷೆ ಇರುವುದೇ ಅಲ್ಲಿ.

ಇದರ ಜೊತೆಗೆ ರಿಯಾಕ್ಷನ್ ರೋಲ್ ಅಂತ ಒಂದಿದೆ. ಎದುರಾದ ಜೀವಿಗೆ ಏನು ಅನ್ನಿಸುತ್ತದೆ ಅಂತ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಎರಡು ಸಾಧಾರಣ ಡೈಸ್ ಉರುಳಿಸಿ ನೋಡುವುದು. 2 ಬಿದ್ದರೆ ಸೀದಾ ಮೈಮೇಲೆ ಬೀಳುತ್ತವೆ, 12 ಬಿದ್ದರೆ ಗೆಳೆತನ. ನಮ್ಮ ಗುಂಪು 5ನೇ ಎಡಿಶನ್ನಿನಿಂದ ಇಲ್ಲಿಗೆ ಬಂದಾಗ ಮೊದಲ ದಿನ ಕಂಡ ಗಾಬ್ಲಿನ್‌ಗಳಿಗೆಲ್ಲ ಕತ್ತಿ ಎತ್ತಿತು. ನಾಲ್ವರಲ್ಲಿ ಮೂವರು ಸತ್ತರು. ಮೂರನೇ ವಾರ ಅದೇ ಜನ ಗಾಬ್ಲಿನ್ ಕಾವಲುಗಾರರಿಗೆ ತಮ್ಮ ಬುತ್ತಿ ಬಿಚ್ಚಿ ಕೊಟ್ಟರು. ನಾನು ಡೈಸ್ ಉರುಳಿಸಿದೆ, 10 ಬಂತು. ಕಾವಲುಗಾರರು ತಿಂದು, ಪಕ್ಕದ ಕೋಣೆಯ ಓರ್ಕ್‌ಗಳ ಮೇಲೆ ಚಾಡಿ ಹೇಳಿದರು. ಆಮೇಲೆ ನಡೆದದ್ದು ನನ್ನ ತಯಾರಿಯಲ್ಲಿ ಇರಲೇ ಇಲ್ಲ.

ಸಾವು ಹೇಗೆ ಅಂತ ಕೇಳಬೇಡಿ. ಹಿಟ್ ಪಾಯಿಂಟ್, ಅಂದರೆ ಪಾತ್ರದಲ್ಲಿ ಉಳಿದಿರುವ ಜೀವದ ಲೆಕ್ಕ, ಸೊನ್ನೆಗೆ ಬಂತೋ, ಮುಗಿಯಿತು. ಮಂತ್ರವಾದಿಗೆ ಶುರುವಿನಲ್ಲಿ ನಾಲ್ಕು ಮುಖದ ಡೈಸ್‌ನಷ್ಟೇ ಹಿಟ್ ಪಾಯಿಂಟ್. ಮಂತ್ರ ದಿನಕ್ಕೆ ಒಂದೇ ಒಂದು. ನನ್ನ ಗೆಳತಿಯೊಬ್ಬಳ ಮಂತ್ರವಾದಿ ಎರಡು ಹಿಟ್ ಪಾಯಿಂಟ್‌ನೊಂದಿಗೆ ಹುಟ್ಟಿ, ಚಹಾ ಬರುವಷ್ಟರಲ್ಲಿ ವಿಷದ ಸೂಜಿಗೆ ಸತ್ತ. ಅವಳು ನಕ್ಕು ಇನ್ನೊಬ್ಬನನ್ನು ಮಾಡಿಕೊಂಡಳು. ಐದು ನಿಮಿಷದ ಕೆಲಸ, ಬಲ, ಬುದ್ಧಿಯಂಥ ಆರು ಗುಣಗಳಿಗೆ ಮೂರು ಡೈಸ್ ಆರು ಸಲ ಉರುಳಿಸಿ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳುವುದು. ಹುಟ್ಟಿಸುವುದು ಅಗ್ಗ, ಅದಕ್ಕೇ ಸಾವೂ ಅಗ್ಗ.

ನಮ್ಮ ಭಾಷೆಗೆ ಸಂಬಂಧಪಟ್ಟ ಒಂದು ವಿಷಯ ಗಮನಿಸಿದ್ದೇನೆ. ನಾವು ಮೇಜಿನ ಸುತ್ತ ಕನ್ನಡದಲ್ಲೇ ಆಡುತ್ತೇವೆ. 5ರಲ್ಲಿ ನಮ್ಮ ಮಾತು "ಪರ್ಸೆಪ್ಷನ್ ಚೆಕ್ ಮಾಡ್ಲಾ? ಬೋನಸ್ ಆಕ್ಷನ್ ಉಳಿದಿದೆಯಾ?" ಅಂತ ಇರುತ್ತದೆ, ಅಂದರೆ ಏನಾದರೂ ಕಾಣುತ್ತಾ ಅಂತ ಡೈಸ್ ಉರುಳಿಸಲಾ, ಸರದಿಯ ಮುಖ್ಯ ಕೆಲಸದ ಜೊತೆಗಿನ ಸಣ್ಣ ಕೆಲಸ ಉಳಿದಿದೆಯಾ ಅಂತ. 1981ರ ಆಟದಲ್ಲಿ ಒತ್ತಲು ಅಷ್ಟು ಬಟನ್‌ಗಳೇ ಇಲ್ಲ. ಹಾಗಾಗಿ "ಬಾಗಿಲಿಗೆ ಕಿವಿ ಕೊಡ್ತೀನಿ", "ಕೋಲಿನಿಂದ ನೆಲ ತಟ್ಟಿ ನೋಡ್ತೀನಿ", "ಹಂಡೆಯ ನೀರು ಚೆಲ್ಲಿ ಎಲ್ಲಿ ಇಂಗುತ್ತೆ ನೋಡೋಣ" ಅಂತ ಹೇಳಬೇಕಾಗುತ್ತದೆ. ಕನ್ನಡ ತಾನಾಗಿ ಬಂತು. ನಿಮ್ಮ ಗೆಳೆಯರ ಪರವಾಗಿ ನಾನು ಕೊಡುವ ದೊಡ್ಡ ಸಾಕ್ಷಿ ಇದು.

ಹಾಗಿದ್ದರೆ 5 ಯಾಕೆ ಹೇಳಿದೆ? ಹಳೇ ಆಟದಲ್ಲಿ ಉತ್ತರ ಪುಸ್ತಕದಲ್ಲಿ ಕಡಿಮೆ, ಡಿಎಂ ತಲೆಯಲ್ಲಿ ಜಾಸ್ತಿ. ನೀರು ಚೆಲ್ಲಿದರೆ ಏನಾಗುತ್ತದೆ ಅಂತ ಅವರೇ ಆ ಕ್ಷಣಕ್ಕೆ ತೀರ್ಮಾನ ಮಾಡಬೇಕು, ನ್ಯಾಯವಾಗಿ ಮಾಡಬೇಕು. ಐವರೂ ಹೊಸಬರಾದರೆ ಆ ಭಾರ ಒಬ್ಬರ ಮೇಲೆ ಬೀಳುತ್ತದೆ. ಜೊತೆಗೆ ಹಳೇ ಗಣಿತ ಸ್ವಲ್ಪ ಉಲ್ಟಾ. ಆರ್ಮರ್ ಕ್ಲಾಸ್, ಅಂದರೆ ಏಟು ತಾಗುವುದು ಎಷ್ಟು ಕಷ್ಟ ಅನ್ನುವ ಅಂಕಿ, ಕಡಿಮೆಯಾದಷ್ಟೂ ಒಳ್ಳೆಯದು. ಎರಡನೇ ಎಡಿಶನ್ನಿನ 'ಥ್ಯಾಕೊ' ಹೆಸರು ಕೇಳಿರಬಹುದು. ಎದುರಾಳಿಯ ಆರ್ಮರ್ ಕ್ಲಾಸ್ ಸೊನ್ನೆ ಇದ್ದರೆ ನಿಮಗೆ ಎಷ್ಟು ಬೀಳಬೇಕು ಅನ್ನುವ ಅಂಕಿ ಅದು. ಮೊದಲ ಲೆವೆಲ್ ಫೈಟರ್‌ಗೆ 20. ಗಾಬ್ಲಿನ್‌ನ ಆರ್ಮರ್ ಕ್ಲಾಸ್ 6. ಇಪ್ಪತ್ತರಿಂದ ಆರು ಕಳೆದರೆ 14, ಅಷ್ಟು ಬಿದ್ದರೆ ಏಟು ತಾಗಿತು. ಕಷ್ಟವೇನಿಲ್ಲ, ಆದರೆ ರಾತ್ರಿ ಹನ್ನೊಂದಕ್ಕೆ ಕಳೆಯುವ ಲೆಕ್ಕ ಯಾರಿಗೆ ಬೇಕು? 2000ದಿಂದ ಈಚೆಗೆ ಕೂಡುವುದೇ ಆಯಿತು: ಡೈಸ್‌ಗೆ ನಿಮ್ಮ ಬೋನಸ್ ಸೇರಿಸಿ, ಎದುರಾಳಿಯ ಅಂಕಿ ಮುಟ್ಟಿದರೆ ಸಾಕು. 5ರ ಗಾಬ್ಲಿನ್‌ಗೆ ಆರ್ಮರ್ ಕ್ಲಾಸ್ 15, ಹೊಸ ಫೈಟರ್‌ಗೆ ಸಾಮಾನ್ಯವಾಗಿ 5ರ ಬೋನಸ್, ಅಂದರೆ 10 ಬಿದ್ದರೆ ಆಯಿತು.

3.5ರ ಬಗ್ಗೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಅದರ ಖುಷಿ ಇರುವುದು ಮನೆಯಲ್ಲಿ ಒಬ್ಬರೇ ಕೂತು ಪಾತ್ರ ಕಟ್ಟುವುದರಲ್ಲಿ. 'ಸ್ಪ್ರಿಂಗ್ ಅಟ್ಯಾಕ್' ಅನ್ನುವ ಫೀಟ್ (ಪಾತ್ರ ಕಲಿಯುವ ವಿಶೇಷ ಕೌಶಲ) ಬೇಕು ಅಂದರೆ ಮೊದಲು 'ಡಾಡ್ಜ್', ಆಮೇಲೆ 'ಮೊಬಿಲಿಟಿ' ತೆಗೆದುಕೊಂಡಿರಬೇಕು. ಹೀಗೆ ಮೂರು ಲೆವೆಲ್ ಮುಂಚೆಯೇ ಲೆಕ್ಕ ಹಾಕಬೇಕು. ಇಂಜಿನಿಯರಿಂಗ್ ಹುಡುಗರಿಗೆ ಇದಕ್ಕಿಂತ ರುಚಿ ಬೇಕೇ? ಪರೀಕ್ಷೆ ಹಿಂದಿನ ದಿನವೂ ನಾವು ಇದನ್ನೇ ಮಾಡುತ್ತಿದ್ದೆವು. ಆದರೆ ಆಟಕ್ಕೆ ಕೂತಾಗ ಯಾರಾದರೂ "ಅವನನ್ನ ತಬ್ಬಿ ಹಿಡ್ಕೋತೀನಿ" ಅಂದರೋ, ಎಲ್ಲರೂ ಪುಸ್ತಕಕ್ಕೆ ಕೈ ಹಾಕುತ್ತಿದ್ದೆವು. ಹಿಡಿಯಲು ಹೋದವನಿಗೆ ಎದುರಾಳಿ ಮೊದಲು ಪುಕ್ಕಟೆ ಒಂದು ಏಟು ಹೊಡೆಯಬಹುದು. ಅದು ತಾಗಿದರೆ ಹಿಡಿತ ಕೆಟ್ಟಿತು. ತಾಗದಿದ್ದರೆ ಮುಟ್ಟುವುದಕ್ಕೆ ಒಂದು ರೋಲ್, ಆಮೇಲೆ ಇಬ್ಬರೂ ಎದುರೆದುರು ರೋಲ್, ಅದಕ್ಕೆ ಮೈಗಾತ್ರದ ಬೋನಸ್. ಇಷ್ಟರಲ್ಲಿ ಮೆಸ್‌ನಲ್ಲಿ ಊಟ ಮುಗಿದಿರುತ್ತಿತ್ತು. ಲೆವೆಲ್ ಹತ್ತು ದಾಟಿದರೆ ಇನ್ನೊಂದು ತೊಂದರೆ. ಮಂತ್ರವಾದಿ ವಿಝರ್ಡ್ ಹಾರುತ್ತಾನೆ, ಮಾಯವಾಗುತ್ತಾನೆ, ಜಾಗ ಬದಲಾಯಿಸುತ್ತಾನೆ. ಫೈಟರ್ ಪಾಪ, ಇನ್ನೂ ಕತ್ತಿ ಬೀಸುತ್ತಿರುತ್ತಾನೆ. ಇಲ್ಲಿ ಪಾತ್ರ ಸತ್ತರೆ ಹೊಸದು ಮಾಡಲು ಒಂದು ಸಂಜೆ ಬೇಕು. ಅದಕ್ಕೇ ನಮ್ಮ ಡಿಎಂ ಯಾರನ್ನೂ ಸಾಯಲು ಬಿಡುತ್ತಿರಲಿಲ್ಲ, ನಮಗೂ ಅದು ಗೊತ್ತಿತ್ತು.

4ನೇ ಎಡಿಶನ್ ಈ ಅಸಮತೋಲನಕ್ಕೆ ಔಷಧ ಕೊಡಲು ಹೋಯಿತು. ಫೈಟರ್‌ಗೂ ವಿಝರ್ಡ್‌ಗೂ ಒಂದೇ ಅಚ್ಚಿನ ಪವರ್‌ಗಳು: ಬೇಕಾದಾಗಲೆಲ್ಲ ಬಳಸುವವು, ಒಂದು ಜಗಳಕ್ಕೆ ಒಮ್ಮೆ, ದಿನಕ್ಕೆ ಒಮ್ಮೆ. ಚೌಕುಳಿ ಹಾಳೆಯ ಮೇಲೆ ಬೊಂಬೆ ಸರಿಸಿ ಆಡುವ ಜಗಳ ನಿಜವಾಗಿ ಚೆನ್ನಾಗಿತ್ತು, ಆದರೆ ಒಂದೇ ಜಗಳಕ್ಕೆ ಒಂದು ಸಂಜೆ ಹೋಯಿತು. ಇದು ಹಿಡಿಸದ 3.5 ಪ್ರಿಯರು 2009ರಲ್ಲಿ ಬಂದ ಪಾತ್‌ಫೈಂಡರ್ ಕಡೆ ಹೋದರು. ಅದು 3.5ರ ಮೇಲೇ ಕಟ್ಟಿದ ಬೇರೆ ಕಂಪನಿಯ ಆಟ.

5ರಲ್ಲಿ ನನಗೆ ಇಷ್ಟವಾದದ್ದು ಒಂದೇ ನಿಯಮ, ಅಡ್ವಾಂಟೇಜ್. ಅನುಕೂಲ ನಿಮ್ಮ ಕಡೆ ಇದ್ದರೆ 20ರ ಡೈಸ್ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಿ, ಪರಿಸ್ಥಿತಿ ನಿಮಗೆ ವಿರುದ್ಧವಾಗಿದ್ದರೆ ಎರಡರಲ್ಲಿ ಚಿಕ್ಕದನ್ನು. 3.5ರ "ಎತ್ತರದಲ್ಲಿದ್ದೀನಿ ಒಂದು ಸೇರಿಸು, ಪಕ್ಕದಿಂದ ಬಂದೆ ಎರಡು ಸೇರಿಸು" ಅನ್ನುವ ಲೆಕ್ಕದ ಪುಸ್ತಕ ಇದರೊಂದಿಗೆ ಹೋಯಿತು. ಬೋನಸ್‌ಗಳೂ ಮಿತಿಯಲ್ಲಿವೆ. ನುರಿತ ಕೆಲಸಕ್ಕೆ ಸಿಗುವುದು ಶುರುವಿನಲ್ಲಿ 2, 20 ಲೆವೆಲ್ ತಲುಪಿದರೂ 6. ಮಂತ್ರವಾದಿಗೆ ಎಷ್ಟು ಸಲ ಬೇಕಾದರೂ ಬಿಡಬಹುದಾದ ಸಣ್ಣ ಮಂತ್ರಗಳಿವೆ, ಮೂಲೆಯಲ್ಲಿ ಕೈಕಟ್ಟಿ ಕೂರಬೇಕಿಲ್ಲ. ಸೊನ್ನೆಗೆ ಬಿದ್ದವರು ಡೈಸ್ ಉರುಳಿಸುತ್ತಾರೆ. ಮೂರು ಸಲ ಗೆದ್ದರೆ ಉಳಿದರು, ಮೂರು ಸಲ ಸೋತರೆ ಹೋದರು. ಸಾಯುವುದು ಕಷ್ಟ. ಚಿನ್ನಕ್ಕೆ ಎಕ್ಸ್‌ಪಿ ಇಲ್ಲ. ಒಂದು ಗಾಬ್ಲಿನ್‌ಗೆ 50, ಎರಡನೇ ಲೆವೆಲ್‌ಗೆ ಬರೀ 300. ಅಂದರೆ ಜನ ಏನು ಮಾಡುತ್ತಾರೆ ಅಂತ ಊಹಿಸಬಹುದು: ಜಗಳ. ಅಜ್ಜಿ ಮನೆಯ ಚೌಕಾಬಾರ!

2014ಕ್ಕೂ 2024ಕ್ಕೂ ಅಷ್ಟೇನೂ ದೂರ ಇಲ್ಲ. ಹೊಸದರಲ್ಲಿ ಫೈಟರ್‌ನಂಥವರಿಗೆ ಆಯುಧಕ್ಕೊಂದು ವಿಶೇಷ ಪಟ್ಟು, ಗಾಯ ಮಾಯಿಸುವ ಮಂತ್ರಗಳಿಗೆ ಜಾಸ್ತಿ ಬಲ, ಎಲ್ಲ ಕ್ಲಾಸ್‌ನವರಿಗೂ (ಫೈಟರ್, ವಿಝರ್ಡ್ ಥರದ ಪಾತ್ರದ ಬಗೆ ಅಂದರೆ ಕ್ಲಾಸ್) ಅದರೊಳಗಿನ ಉಪಕ್ಲಾಸ್ ಮೂರನೇ ಲೆವೆಲ್‌ಗೆ. ನಿಮ್ಮ ಇಬ್ಬರು ಕಂಪ್ಯೂಟರ್ ಆಟಗಾರರಿಗೆ ಒಂದು ಎಚ್ಚರಿಕೆ: ಬಾಲ್ಡರ್ಸ್ ಗೇಟ್ 3 ಕಟ್ಟಿರುವುದು 2014ರ ರೂಲ್ಸ್ ಮೇಲೆ, ಆದರೆ ಅಲ್ಲಲ್ಲಿ ಬದಲಾಯಿಸಿದ್ದಾರೆ. ಅದರಲ್ಲಿ ಮದ್ದು ಕುಡಿಯುವುದು ಬೋನಸ್ ಆಕ್ಷನ್. 2014ರ ಪುಸ್ತಕದಲ್ಲಿ ಪೂರ್ತಿ ಆಕ್ಷನ್ ಬೇಕು. 2024ರಲ್ಲಿ ಮತ್ತೆ ಬೋನಸ್. ಮೊದಲ ದಿನವೇ ಇದರ ಮೇಲೆ ಜಗಳ ಆಗುತ್ತದೆ, ಬರೆದಿಟ್ಟುಕೊಳ್ಳಿ.

ದುಡ್ಡಿನ ಚಿಂತೆ ಬೇಡ. 2023ರ ಜನವರಿಯಲ್ಲಿ ವಿಝರ್ಡ್ಸ್ ಕಂಪನಿ, ಬೇರೆಯವರೂ ಈ ನಿಯಮ ಬಳಸಲು ಬಿಡುವ ತನ್ನ ಮುಕ್ತ ಲೈಸೆನ್ಸ್ ಬಿಗಿ ಮಾಡಲು ಹೋಗಿ ಆಟಗಾರರ ಸಿಟ್ಟಿಗೆ ಗುರಿಯಾಯಿತು. ಕೊನೆಗೆ 5ರ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸುವಂಥ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿತು. ಅದು ಉಚಿತ, ಕಾನೂನುಬದ್ಧ, ಕಲಿಯಲು ಸಾಕು. 1981ರ ರೂಲ್ಸ್ ಬೇಕಿದ್ದರೆ ಅದನ್ನೇ ಅಚ್ಚುಕಟ್ಟಾಗಿ ಜೋಡಿಸಿದ 'ಓಲ್ಡ್-ಸ್ಕೂಲ್ ಎಸೆನ್ಶಿಯಲ್ಸ್' ಇದೆ, ಅದರ ಬೇಸಿಕ್ ಭಾಗವೂ ಉಚಿತ. ಉಲ್ಟಾ ಆರ್ಮರ್ ಕ್ಲಾಸ್ ಬೇಡ ಅನ್ನುವವರಿಗೆ ಅದರಲ್ಲಿ ಕೂಡುವ ಲೆಕ್ಕವನ್ನೂ ಕೊಟ್ಟಿದ್ದಾರೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ಎರಡು ತಿಂಗಳು 5, ಸಿದ್ಧ ಪಾತ್ರಗಳೊಂದಿಗೆ, ಮೂರನೇ ಲೆವೆಲ್ ದಾಟದೆ. ಆಮೇಲೆ ಒಂದು ಭಾನುವಾರ ನಿಮ್ಮ ಹಠಮಾರಿ ಗೆಳೆಯರನ್ನು ಡಿಎಂ ಕುರ್ಚಿಯಲ್ಲಿ ಕೂರಿಸಿ 1981ರ ಆಟ ಆಡಿಸಿ. ಅಷ್ಟು ಹೊಗಳಿದವರು ಆ ಭಾರವನ್ನೂ ಹೊರಲಿ, ಅಲ್ವಾ? ಎಲ್ಲರೂ ಎರಡೆರಡು ಪಾತ್ರ ಮಾಡಿಟ್ಟುಕೊಳ್ಳಿ, ಬೇಕಾಗುತ್ತದೆ.

ಅಣ್ಣನ ಕಪಾಟಿನಿಂದ ಮಾತ್ರ 3.5ರ ಮಾನ್‌ಸ್ಟರ್ ಮ್ಯಾನ್ಯುಯಲ್, ಅಂದರೆ ರಾಕ್ಷಸರ ಪುಸ್ತಕ, ಎರವಲು ತನ್ನಿ. ಅಂಕಿಗಳು 5ಕ್ಕೆ ಹೊಂದುವುದಿಲ್ಲ, ಚಿತ್ರಗಳು ಹೊಂದುತ್ತವೆ. ಬಾಗಿಲು ತೆರೆದ ಕೂಡಲೇ ಏನು ಕಾಣಿಸಿತು ಅಂತ ಕೇಳಿದರೆ ಪುಸ್ತಕ ತಿರುಗಿಸಿ ತೋರಿಸಬಹುದು. ಪಕ್ಕದ ಅಂಕಿಗಳ ಮೇಲೆ ಅಂಗೈ ಇಟ್ಟುಕೊಂಡು.