ಪಿಯುಸಿ ಆದಮೇಲೆ ಗಣಿತ ಓದೋಕೆ ಎಲ್ಲೆಲ್ಲಿ ಅರ್ಜಿ ಹಾಕಬೇಕು?

ನಿಮ್ಮ ಪ್ರಶ್ನೆ ಓದಿದೆ. ದ್ವಿತೀಯ ಪಿಯುಸಿ, ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್), ಹಾವೇರಿ ಕಡೆಯ ಊರು. ಎಂಜಿನಿಯರಿಂಗ್ ಬೇಡ, ಗಣಿತವೇ ಬೇಕು. ಅಪ್ಪ ಮಾತ್ರ "ಬಿಎಸ್ಸಿ ಮಾಡಿ ಮಾಸ್ತರ ಆಗ್ತೀಯೇನು" ಅಂತಾರೆ. ಎಂಟು ಸಂಸ್ಥೆಗಳ ಹೆಸರು ಬರೆದು, ಇದರಲ್ಲಿ ಯಾವುದಕ್ಕೆ ಹಾಕಲಿ ಅಂತ ಕೇಳಿದ್ದೀರಿ. ನಾನು ಗಣಿತ ಓದಿ ಮಾಸ್ತರನೇ ಆದವನು (ನಮ್ಮ ಹಾಸನದ ಕಡೆ ಮೇಷ್ಟ್ರು ಅಂತೀವಿ). ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತೆ, ಬೇಸರ ಮಾಡ್ಕೋಬೇಡಿ.

ಆ ಎಂಟು ಹೆಸರನ್ನು ಒಂದು ವಾರ ಪಕ್ಕಕ್ಕಿಡಿ. ಮೊದಲು ಎರಡು ಹಳೇ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಿ. ಒಂದು ಭಾರತೀಯ ಸಾಂಖ್ಯಿಕ ಸಂಸ್ಥೆಯದು, ಅಂದರೆ ಐಎಸ್‌ಐ. ಇನ್ನೊಂದು ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನದು, ಸಿಎಂಐ. ಎರಡೂ ಅವರವರ ವೆಬ್‌ಸೈಟಿನಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಯಾಕೆ ಅಂದರೆ, ನಮ್ಮ ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಐಎಸ್‌ಐನ ಮಧ್ಯಾಹ್ನದ ಪತ್ರಿಕೆಯಲ್ಲಿ ಎರಡು ಗಂಟೆಗೆ ಎಂಟೇ ಪ್ರಶ್ನೆ. ಒಂದೊಂದಕ್ಕೆ ಕಾಲು ಗಂಟೆ. ಆಯ್ಕೆ ಕೊಟ್ಟಿರುವುದಿಲ್ಲ, ಸಾಧಿಸಿ ತೋರಿಸಬೇಕು. ಸತತ ಮೂರು ಸಂಖ್ಯೆಗಳನ್ನು ಗುಣಿಸಿದರೆ ಬರುವುದು ಯಾವಾಗಲೂ 6ರಿಂದ ಭಾಗವಾಗುತ್ತೆ ಅಂತ ನಾಲ್ಕು ಉದಾಹರಣೆ ನೋಡಿದರೆ ಯಾರಿಗಾದರೂ ಗೊತ್ತಾಗುತ್ತೆ. ಯಾವಾಗಲೂ ಯಾಕೆ ಹಾಗೆ ಅಂತ, ಇನ್ನೊಬ್ಬರು ಬೆರಳಿಡಲಾಗದ ಹಾಗೆ ಬರೆಯುವುದು ಬೇರೆಯೇ ಕೆಲಸ. ಅಲ್ಲಿ ಕೇಳುವ ಲೆಕ್ಕಗಳು ಇದಕ್ಕಿಂತ ಕಷ್ಟದವು, ಆದರೆ ಜಾತಿ ಇದೇ. ಗಣಿತದ ಪದವಿಯೂ ಹೆಚ್ಚುಕಡಿಮೆ ಇದೇ. ಪಿಯುಸಿಯಲ್ಲಿ ನಿಮಗೆ ಇಷ್ಟವಾದದ್ದು ಇಂಟಿಗ್ರೇಷನ್ ಬೇಗ ಮುಗಿಸುವ ಖುಷಿಯೋ, ಅಥವಾ ಯಾಕೆ ಅಂತ ತಲೆ ಕೆಡಿಸಿಕೊಳ್ಳುವ ಖುಷಿಯೋ ಅನ್ನುವುದು ಆ ಎರಡು ಗಂಟೆಯಲ್ಲಿ ತಿಳಿಯುತ್ತೆ. ಎಂಟರಲ್ಲಿ ಒಂದೂ ಪೂರ್ತಿ ಆಗದೆ ಇರಬಹುದು. ಮಾರನೇ ದಿನ ಬಸ್ಸಲ್ಲಿ ಕೂತಾಗಲೂ ಅದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿದೆಯಾ? ಹಾಗಿದ್ದರೆ ಎರಡಕ್ಕೂ ಅರ್ಜಿ ಹಾಕಿ.

ಅಂದಹಾಗೆ ಐಎಸ್‌ಐನ ಬೆಳಗಿನ ಪತ್ರಿಕೆಯಲ್ಲಿ 30 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಸೊನ್ನೆ, ಬಿಟ್ಟರೆ 1. ಗೊತ್ತಿಲ್ಲ ಅಂತ ಒಪ್ಪಿಕೊಂಡವರಿಗೆ ಅಂಕ ಕೊಡುವ ಪರೀಕ್ಷೆ ನಾನು ಬೇರೆಲ್ಲೂ ಬರೆದಿಲ್ಲ!

ಐಎಸ್‌ಐನ ಗಣಿತದ ಪದವಿ, ಬಿ.ಮ್ಯಾಥ್, ಇರುವುದು ಬೆಂಗಳೂರಲ್ಲೇ, ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ. ಕೆಂಗೇರಿ ಕಡೆ ಹೋಗುವ ಸಾವಿರಾರು ಜನ ದಿನಾ ಅದರ ಮುಂದೆಯೇ ಓಡಾಡ್ತಾರೆ, ಒಳಗೆ ಏನಿದೆ ಅಂತ ಕೇಳಿದರೆ ಗೊತ್ತಿರಲ್ಲ. ನಾನು ಅರ್ಜಿ ಹಾಕಿದ ಕಾಲಕ್ಕೆ ಅಲ್ಲಿ ಬೋಧನಾ ಶುಲ್ಕ ಇರಲಿಲ್ಲ, ಮೇಲೆ ತಿಂಗಳಿಗೊಂದಿಷ್ಟು ಸ್ಟೈಪೆಂಡ್ ಕೊಡುತ್ತಿದ್ದರು. ಸಿಎಂಐ ಇರುವುದು ಚೆನ್ನೈ ಹೊರಗೆ ಸಿರುಸೇರಿಯಲ್ಲಿ. ಗಣಿತಜ್ಞ ಸಿ.ಎಸ್. ಶೇಷಾದ್ರಿ ಅವರು 1989ರಲ್ಲಿ ಶುರುಮಾಡಿದ ಸಂಸ್ಥೆ. ಅಲ್ಲಿ ಗಣಿತದ ಜೊತೆ ಕಂಪ್ಯೂಟರ್ ಸೈನ್ಸನ್ನೂ ಗಟ್ಟಿಯಾಗಿ ಓದಬಹುದು. ಶುಲ್ಕ ಇದೆ, ವಿನಾಯಿತಿಯೂ ಇದೆ. ಎರಡರದ್ದೂ ಈ ವರ್ಷದ ಪ್ರಕಟಣೆಯನ್ನೇ ನೋಡಿ, ನನ್ನ ಮಾತು ನಂಬಿ ಕೂರಬೇಡಿ. ಮೇ ತಿಂಗಳ ಪರೀಕ್ಷೆಗೆ ಅರ್ಜಿ ಮಾರ್ಚ್ ಹೊತ್ತಿಗೇ ಕರೆಯುತ್ತಾರೆ. ನಮ್ಮ ಮಕ್ಕಳು ಆಗ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಇರುತ್ತಾರೆ. ಎಷ್ಟೋ ಜನಕ್ಕೆ ಕೈತಪ್ಪುವುದು ಅಲ್ಲೇ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. 2010ರಲ್ಲಿ ನಾನು ಈ ಎರಡಕ್ಕೆ ಮಾತ್ರ ಅರ್ಜಿ ಹಾಕಿದೆ. ಹಳೇ ಪತ್ರಿಕೆ ಒಂದೂ ನೋಡಿರಲಿಲ್ಲ. ಪಿಯುಸಿ ಗಣಿತದಲ್ಲಿ 98 ಬಂದಿತ್ತು, ಅದೇ ಧೈರ್ಯ. ಎರಡೂ ಕಡೆ ಸಿಗಲಿಲ್ಲ. ಅಷ್ಟರಲ್ಲಿ ಜೂನ್ ಅರ್ಧ ಮುಗಿದಿತ್ತು. ಹತ್ತಿರದ ಊರಿನ ಒಂದು ಕಾಲೇಜಲ್ಲಿ ಸೀಟು ಉಳಿದಿತ್ತು, ಸೇರಿಬಿಟ್ಟೆ. ಮೂರನೇ ಸೆಮಿಸ್ಟರಿನಲ್ಲಿ ಆಲ್ಜೀಬ್ರಾ ಶುರುವಾಗಬೇಕು, ಪಾಠ ಮಾಡುವವರೇ ಇಲ್ಲ. ಅತಿಥಿ ಉಪನ್ಯಾಸಕರ ನೇಮಕ ಆಗುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಹೋಗಿತ್ತು. ಪಾಪ, ಬಂದ ಮೇಡಂ ಒಳ್ಳೆಯವರು, ಆರು ವಾರದಲ್ಲಿ ಗ್ರೂಪಿನಿಂದ ರಿಂಗಿನವರೆಗೆ ಓಡಿಸಿದರು. ನಾವೂ ಪ್ರಮೇಯಗಳನ್ನು ಮಗ್ಗಿ ಥರ ಬಾಯಿಪಾಠ ಮಾಡಿ ಪಾಸಾದೆವು.

ಅದಕ್ಕೇ ಹೇಳ್ತೀನಿ, ಊರ ಹತ್ತಿರದ ಕಾಲೇಜನ್ನೂ ಈಗಲೇ ಆರಿಸಿ, ಕೊನೆಗೆ ಉಳಿದದ್ದಕ್ಕೆ ಬೀಳಬೇಡಿ. ಅದರ ಬಗ್ಗೆ ನಾಚಿಕೆಯೂ ಬೇಡ. ಧಾರವಾಡದ ಕರ್ನಾಟಕ ಕಾಲೇಜು, ಮೈಸೂರಿನ ಯುವರಾಜ ಕಾಲೇಜು, ಬೆಂಗಳೂರಿನ ಸೇಂಟ್ ಜೋಸೆಫ್ಸ್, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಯಾವುದನ್ನೇ ಯೋಚಿಸಿದರೂ ಒಂದು ದಿನ ಹೋಗಿ ನೋಡಿ. ಪ್ರಿನ್ಸಿಪಾಲರನ್ನು ಕೇಳಬೇಡಿ. ಕ್ಯಾಂಟೀನಲ್ಲಿ ಕೂತ ಕೊನೆ ವರ್ಷದವರನ್ನು ಕೇಳಿ. ಅನಾಲಿಸಿಸ್ ಯಾರು ಮಾಡ್ತಾರೆ? ಖಾಯಂ ಇದ್ದಾರಾ? ಪರೀಕ್ಷೆಗೆ ಹಳೇ ಪ್ರಶ್ನೆಗಳೇ ತಿರುಗಿ ಬರುತ್ತವಾ? ಕಳೆದ ವರ್ಷ ಇಲ್ಲಿಂದ ಯಾರಾದರೂ ಜಾಮ್ (ಐಐಟಿ ಮುಂತಾದ ಕಡೆ ಎಂಎಸ್ಸಿ ಸೇರೋಕೆ ಬರೆಯುವ ಪರೀಕ್ಷೆ) ಬರೆದರಾ? ಹತ್ತು ನಿಮಿಷದ ಮಾತು ಸಾಕು. ಒಂದು ವಿಷಯ ಗೊತ್ತಿರಲಿ. 2024ರಿಂದ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಮೂರು ವಿಷಯಗಳ ಕಾಂಬಿನೇಷನ್ ವಾಪಸ್ ಬಂದಿದೆ. ಪಿಎಂಸಿಎಸ್ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತಗೊಂಡರೆ ಗಣಿತ ಅದರಲ್ಲಿ ಒಂದು ಪಾಲು ಅಷ್ಟೇ.

ನಿಮ್ಮ ಪಟ್ಟಿಯಲ್ಲಿ ಐಸರ್‌ಗಳೂ ಇವೆ, ಅಂದರೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. ಒಳ್ಳೆಯ ಜಾಗಗಳು, ಐದು ವರ್ಷದ ಬಿಎಸ್-ಎಂಎಸ್, ಪದವಿ ಸ್ನಾತಕೋತ್ತರ ಎರಡೂ ಸೇರಿ. ಆದರೆ ಅವರ ಐಎಟಿ ಪರೀಕ್ಷೆಯ 60 ಪ್ರಶ್ನೆಗಳಲ್ಲಿ 15 ಜೀವಶಾಸ್ತ್ರದವು. ಸೇರಿದ ಮೇಲೂ ಮೊದಮೊದಲು ಎಲ್ಲ ವಿಜ್ಞಾನಗಳನ್ನೂ ಓದಬೇಕು. ಐಐಎಸ್‌ಸಿಯಲ್ಲಿ 2011ರಲ್ಲಿ ಶುರುವಾದ ನಾಲ್ಕು ವರ್ಷದ ಕೋರ್ಸಿನದೂ ಅದೇ ದಾರಿ. ಭೌತಶಾಸ್ತ್ರವೂ ಇಷ್ಟ, ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ ಅನ್ನುವವರಿಗೆ ಇದು ಬಲು ಚೆನ್ನ. ಲ್ಯಾಬ್ ಕಂಡರೆ ಆಗದವರಿಗೆ ಸುಮ್ನೆ ಹಿಂಸೆ. ಐಐಟಿಗಳ ಮ್ಯಾಥಮ್ಯಾಟಿಕ್ಸ್ ಅಂಡ್ ಕಂಪ್ಯೂಟಿಂಗ್ ಬಗ್ಗೆ ಹೆಚ್ಚು ಹೇಳಲ್ಲ. ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ತಯಾರಿ ಬೇಕು, ನೀವು ಶುರುವೇ ಮಾಡಿಲ್ಲ ಅಂದಿದ್ದೀರಿ.

ಇಂಗ್ಲಿಷಿನ ಭಯ ಅಂತಲೂ ಬರೆದಿದ್ದೀರಿ. ನಾನೂ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಗಣಿತ ಬರೆಯೋಕೆ ಬೇಕಾದ ಇಂಗ್ಲಿಷ್ ಇಷ್ಟೇ ಇಷ್ಟು. ಲೆಟ್, ಸಪೋಸ್, ದೆನ್, ದೇರ್‌ಫೋರ್. ಒಂದು ತಿಂಗಳಲ್ಲಿ ಕೈಗೆ ಹತ್ತುತ್ತೆ.

ಎಲ್ಲೂ ಸಿಗದೆ ಹೋದರೆ? ನನಗೆ ಎರಡನೇ ವರ್ಷ ಮುಗಿದ ಬೇಸಿಗೆಯಲ್ಲಿ ಎಂಟಿಟಿಎಸ್ ಶಿಬಿರ ಸಿಕ್ಕಿತು. 1993ರಿಂದ ನಡೆದು ಬಂದಿರುವ ನಾಲ್ಕು ವಾರದ ಗಣಿತದ ಬೇಸಿಗೆ ಶಾಲೆ, ಊಟ ವಸತಿ ಅವರದೇ. ಅಲ್ಲಿ ಮೇಷ್ಟ್ರು ಪಾಠ ಹೇಳುವುದಕ್ಕಿಂತ ಪ್ರಶ್ನೆ ಕೇಳುವುದೇ ಜಾಸ್ತಿ. ಮೊದಲ ದಿನ ಬೋರ್ಡಿನ ಮುಂದೆ ಐದು ನಿಮಿಷ ಸುಮ್ಮನೆ ನಿಂತಿದ್ದೆ, ಯಾರೂ ನಗಲಿಲ್ಲ, ಯಾರೂ ಉತ್ತರವನ್ನೂ ಹೇಳಿಕೊಡಲಿಲ್ಲ. ಬಾಯಿಪಾಠದ ಚಟ ಬಿಟ್ಟಿದ್ದು ಅಲ್ಲಿ. ಆಮೇಲೆ ಜಾಮ್ ಬರೆದು ಎಂಎಸ್ಸಿಗೆ ಹೋದೆ. ಒಳ್ಳೆಯ ಜಾಗಕ್ಕೆ ಮೂರು ವರ್ಷ ತಡವಾಗಿ ಸೇರಿದೆ, ಅಷ್ಟೇ.

ಅಪ್ಪನಿಗೆ ಏನು ಹೇಳೋದು? ನನ್ನ ಜೊತೆ ಎಂಎಸ್ಸಿ ಓದಿದವರು ಈಗ ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ, ಪಿಎಚ್‌ಡಿಯಲ್ಲಿ ಇದ್ದಾರೆ. ಮಾಸ್ತರಾಗುವ ಮನಸ್ಸೇ ನಿಮಗಿದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನೂ ಪಟ್ಟಿಗೆ ಸೇರಿಸಿ. ಅಲ್ಲಿ ನಾಲ್ಕು ವರ್ಷಕ್ಕೆ ಬಿಎಸ್ಸಿ, ಬಿಎಡ್ ಎರಡೂ ಸೇರಿ ಆಗುತ್ತೆ.

ಈ ಭಾನುವಾರ ಫೋನ್ ಪಕ್ಕಕ್ಕಿಟ್ಟು ಐಎಸ್‌ಐನ ಮಧ್ಯಾಹ್ನದ ಒಂದು ಪತ್ರಿಕೆಗೆ ಕೂತ್ಕೊಳ್ಳಿ. ಎಷ್ಟು ಬರುತ್ತೋ ಅಷ್ಟು ಬರೆದು ಫೋಟೋ ಹಾಕಿ, ನೋಡಿ ಹೇಳ್ತೀನಿ.