ನಿಮ್ಮ ಕಿಣ್ವದ ಲೇಖನದ ಬಗ್ಗೆ

ನಮಸ್ಕಾರ.

ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳನ್ನು, ಅವನ್ನು ಹೊತ್ತೊಯ್ಯುವ ಟಿ-ಆರ್‌ಎನ್‌ಎಗೆ ಅಂಟಿಸುವ ಕಿಣ್ವಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ತುಂಬಾ ಚೆನ್ನಾಗಿದೆ.

ಮೊದಲು ಒಂದು ತಪ್ಪು. ‘ಸರಿಯಾದ ಅಮೈನೋ ಆಮ್ಲ ಬಂದಿದೆಯೇ ಎಂದು ರೈಬೋಸೋಮ್ ಪರೀಕ್ಷಿಸುತ್ತದೆ’ ಎಂದು ಬರೆದಿದ್ದೀರಿ. ಹಾಗಲ್ಲ. ಟಿ-ಆರ್‌ಎನ್‌ಎಯ ಮೂರಕ್ಷರದ ಗುರುತು ಜೀನಿನ ಸಂದೇಶಕ್ಕೆ ಹೊಂದುತ್ತದೆಯೇ ಎಂದಷ್ಟೇ ಪ್ರೋಟೀನ್ ಕಟ್ಟುವ ಆ ಯಂತ್ರ ನೋಡುತ್ತದೆ. ಬೆನ್ನ ಮೇಲಿನ ಮೂಟೆ ಬಿಚ್ಚಿ ನೋಡುವುದಿಲ್ಲ. 1962ರಲ್ಲಿ ಶಾಪ್‌ವಿಲ್ ಮತ್ತು ಸಂಗಡಿಗರು ಸಿಸ್ಟೀನ್ ಎಂಬ ಅಮೈನೋ ಆಮ್ಲ ಹೊತ್ತಿದ್ದ ಟಿ-ಆರ್‌ಎನ್‌ಎ ತೆಗೆದುಕೊಂಡು, ನಿಕ್ಕಲ್ ಬಳಸಿ ಸಿಸ್ಟೀನಿನ ಗಂಧಕ ಕಿತ್ತು, ಅದನ್ನು ಅಲನೀನ್ ಎಂಬ ಬೇರೆ ಅಮೈನೋ ಆಮ್ಲ ಮಾಡಿದರು. ಸಿಸ್ಟೀನ್ ಕೂರಬೇಕಾದ ಜಾಗದಲ್ಲಿ ರೈಬೋಸೋಮ್ ಅಲನೀನನ್ನೇ ಕೂರಿಸಿತು!

ಅಂದರೆ ಕಿಣ್ವ ಇಲ್ಲಿ ತಪ್ಪಿದರೆ ಮುಂದೆ ಹಿಡಿಯುವವರು ತೀರಾ ಕಡಿಮೆ. ನಿಮ್ಮ ಲೇಖನದ ಜೀವ ಇದೇ ಅಲ್ವಾ? ನೀವು ಅದನ್ನು ಕೊನೆಯ ಪುಟದ ಒಂದು ಸಾಲಿನಲ್ಲಿ ಮುಗಿಸಿದ್ದೀರಿ.

ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲ ಅಂಟಿಸುವ ಕಿಣ್ವವನ್ನೇ ಹಿಡಿದು ಬರೆಯಿರಿ. ಐಸೋಲ್ಯೂಸಿನ್‌ಗಿಂತ ವ್ಯಾಲೀನ್ ಎಂಬ ಅಮೈನೋ ಆಮ್ಲ ಚಿಕ್ಕದು, ಒಂದು ಇಂಗಾಲ, ಎರಡು ಜಲಜನಕದಷ್ಟು ಮಾತ್ರ. ಹಾಗಾಗಿ ಐಸೋಲ್ಯೂಸಿನ್ ಬದಲು ವ್ಯಾಲೀನ್ ಅಂಟಿ 20ಕ್ಕೆ 1 ತಪ್ಪಾಗಬಹುದು ಎಂದು ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಅಂದಾಜು ಮಾಡಿದ್ದರು. ನಿಜವಾಗಿ ಆಗುವುದು ಸುಮಾರು 3000ಕ್ಕೆ 1. ಹೇಗೆ? ಇನ್ನೊಬ್ಬ ರಸಾಯನ ವಿಜ್ಞಾನಿ ಅಲನ್ ಫರ್ಷ್ಟ್ ಎರಡು ಜರಡಿಯ ವಿವರಣೆ ಕೊಟ್ಟರು. ಮನೆಯಲ್ಲಿ ರಾಗಿ ಜರಡಿ ಹಿಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಮೊದಲ ಜರಡಿ ಕಡ್ಡಿ ತಡೆದು ರಾಗಿಯನ್ನೂ ಮಣ್ಣನ್ನೂ ಬಿಡುತ್ತದೆ. ಎರಡನೆಯದು ಮಣ್ಣು ಉದುರಿಸಿ ರಾಗಿ ಉಳಿಸಿಕೊಳ್ಳುತ್ತದೆ. ಕಿಣ್ವದಲ್ಲೂ ಮೊದಲ ಗುಳಿ ದೊಡ್ಡ ಅಮೈನೋ ಆಮ್ಲಗಳನ್ನು ತಡೆಯುತ್ತದೆ. ಎರಡನೇ ಗುಳಿಯೊಳಗೆ ವ್ಯಾಲೀನ್ ಹಿಡಿಸುತ್ತದೆ, ಅಲ್ಲೇ ಕತ್ತರಿಸಿ ಹೋಗುತ್ತದೆ. ಐಸೋಲ್ಯೂಸಿನ್ ಹಿಡಿಸುವುದಿಲ್ಲ, ಉಳಿಯುತ್ತದೆ.

ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ ಅಮೈನೋ ಆಮ್ಲವನ್ನು ಮೊದಲು ಸಜ್ಜು ಮಾಡುವ ನಿಮ್ಮ ಪ್ಯಾರಾ ಚೆನ್ನಾಗಿದೆ, ಇರಲಿ. ಎರಡು ವರ್ಗಗಳ ಕಿಣ್ವಗಳ ಪಟ್ಟಿ ತೆಗೆಯಿರಿ. ‘ಮಹತ್ತರ ಪಾತ್ರ ವಹಿಸುತ್ತವೆ’ ಏಳು ಸಲ ಬಂದಿದೆ. ಏಳನ್ನೂ ಹೊಡೆದುಹಾಕಿ, ಪಾತ್ರ ಏನು ಅಂತ ಹೇಳಿ, ಸಾಕು.

ಮುಪಿರೋಸಿನ್ ಮುಲಾಮು ಯಾಕೆ ಬಿಟ್ಟಿರಿ? ಚರ್ಮದ ಸೋಂಕಿಗೆ ಹಚ್ಚುವ ಆ ಔಷಧ ತಡೆಯುವುದು ಬ್ಯಾಕ್ಟೀರಿಯಾದ ಇದೇ ಐಸೋಲ್ಯೂಸಿನ್ ಕಿಣ್ವವನ್ನು. ಓದುಗರ ಮನೆಯಲ್ಲೇ ಆ ಟ್ಯೂಬ್ ಇರಬಹುದು.

ಶಾಪ್‌ವಿಲ್ ಪ್ರಯೋಗದಿಂದಲೇ ಶುರು ಮಾಡಿ, ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.