ಶನಿವಾರ ಆಡದ ಹುಡುಗಿ ಅಮೆರಿಕದಲ್ಲಿ ಕಾಲೇಜು ಟೆನಿಸ್ ಆಡಬಹುದೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ಸೆವೆಂತ್ ಡೇ ಅಡ್ವೆಂಟಿಸ್ಟ್ ಕುಟುಂಬ, ಅಂದರೆ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಸಬ್ಬತ್ ಎಂಬ ವಿಶ್ರಾಂತಿ ದಿನ ಪಾಲಿಸುವ ಕ್ರೈಸ್ತರು. ಮಗಳು ಮೊದಲ ಪಿಯುಸಿ. ಅಮೆರಿಕದ ಎರಡು ಕಾಲೇಜುಗಳ ಟೆನಿಸ್ ಕೋಚ್‌ಗಳು ಸ್ಕಾಲರ್‌ಶಿಪ್ ಮಾತಾಡುತ್ತಿದ್ದಾರೆ. ಸಬ್ಬತ್ ವಿಷಯ ಎತ್ತಿದಾಗ ಒಬ್ಬರು "ನಾವು ಎಲ್ಲ ಧರ್ಮವನ್ನೂ ಗೌರವಿಸುತ್ತೇವೆ, ಚಿಂತೆ ಬೇಡ" ಅಂದಿದ್ದಾರೆ. ಇಬ್ಬರಲ್ಲಿ ಯಾರನ್ನು ಆರಿಸುವುದು, ಇಷ್ಟು ಭರವಸೆ ಸಾಕೇ?

ಸಾಲದು. ಆ ಕೋಚ್ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಅವರ ತಲೆಯಲ್ಲಿರುವುದು ಬಹುಶಃ ವರ್ಷಕ್ಕೊಂದು ಹಬ್ಬದ ರಜೆ. ಅಮೆರಿಕದಲ್ಲಿ ಈ ಮಾತು ಬಂದ ಕೂಡಲೇ ಎಲ್ಲರೂ ಸ್ಯಾಂಡಿ ಕೂಫ್ಯಾಕ್ಸ್ ಹೆಸರು ತೆಗೆಯುತ್ತಾರೆ. 1965ರ ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿಯ ಮೊದಲ ಪಂದ್ಯ ಯೆಹೂದ್ಯರ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು ಬಿತ್ತೆಂದು ಆಡದೆ ಕೂತ ಯೆಹೂದ್ಯ ಬೇಸ್‌ಬಾಲ್ ಆಟಗಾರ. ಅದು ವರ್ಷಕ್ಕೊಂದು ದಿನದ ಮಾತು. ಕೂಫ್ಯಾಕ್ಸ್ ಶನಿವಾರಗಳಂದು ಆಡುತ್ತಿದ್ದರು. ನಿಮ್ಮ ಮಗಳದ್ದು ಪ್ರತಿ ವಾರದ ಲೆಕ್ಕ, ಅದೂ ಕಾಲೇಜು ಟೆನಿಸ್‌ನ ಹೆಚ್ಚಿನ ಪಂದ್ಯಗಳು ನಡೆಯುವ ವಾರಾಂತ್ಯದಲ್ಲೇ.

ಮೊದಲು ನಿಯಮ ನೋಡಿ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಧಾರ್ಮಿಕ ಕಾರಣಕ್ಕೆ ಒಂದು ದಿನ ಆಡದವರಿಗೆ ಅಮೆರಿಕದ ಕಾಲೇಜು ಕ್ರೀಡಾ ಒಕ್ಕೂಟವಾದ ಎನ್‌ಸಿಎಎಯ ಚಾಂಪಿಯನ್‌ಶಿಪ್‌ಗಳಲ್ಲಿ ವಿನಾಯಿತಿ ಇದೆ ಎಂದು ಕೇಳಿರುತ್ತೀರಿ. ಇದೆ, ಆದರೆ ಅದು ಕಾಲೇಜು ಸಂಸ್ಥೆಗೆ, ಆಟಗಾರ್ತಿಗಲ್ಲ. ಇಂಥ ದಿನ ನಮ್ಮ ಕಾಲೇಜು ಆಡುವುದಿಲ್ಲ ಎಂಬ ಲಿಖಿತ ನೀತಿ ಕಾಲೇಜಿಗೇ ಇದ್ದು, ಅದನ್ನು ಸೆಪ್ಟೆಂಬರ್ 1ರೊಳಗೆ ಸಂಬಂಧಪಟ್ಟ ಸಮಿತಿಗೆ ಸಲ್ಲಿಸಿದ್ದರೆ ವೇಳಾಪಟ್ಟಿಯನ್ನು ಹೊಂದಿಸುತ್ತಾರೆ. ಯೂಟಾದ ಪ್ರೊವೊದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಇದರ ದೊಡ್ಡ ಉದಾಹರಣೆ. ಮಾರ್ಮನ್ ಚರ್ಚಿನ ಸಂಸ್ಥೆ, ಭಾನುವಾರ ಆಡುವುದಿಲ್ಲ. 2003ರ ಬಾಸ್ಕೆಟ್‌ಬಾಲ್ ಟೂರ್ನಿಯಲ್ಲಿ ಆಯ್ಕೆ ಸಮಿತಿ ಇದನ್ನು ಮರೆತು, ಗೆದ್ದರೆ ಮುಂದೆ ಭಾನುವಾರ ಆಡಬೇಕಾಗುವ ಗುಂಪಿಗೆ ಅವರನ್ನು ಹಾಕಿಬಿಟ್ಟಿತು. ಮೊದಲೆರಡು ಪಂದ್ಯ ಗೆದ್ದರೆ ಬೇರೆ ಗುಂಪಿಗೆ ಬದಲಾಯಿಸುತ್ತೇವೆ ಅಂತ ಹೇಳಬೇಕಾಯಿತು. ಅವರು ಮೊದಲ ಪಂದ್ಯದಲ್ಲೇ ಸೋತಿದ್ದರಿಂದ ಸಮಿತಿಯ ಮಾನ ಉಳಿಯಿತು. 2017ರ ಪುರುಷರ ಗಾಲ್ಫ್ ಚಾಂಪಿಯನ್‌ಶಿಪ್‌ನಲ್ಲಂತೂ ಅವರ ಭಾನುವಾರದ ಮೂರನೇ ಸುತ್ತನ್ನು, ಬೇರೆ ಯಾರೂ ಮೊದಲನೇ ಸುತ್ತನ್ನೇ ಆಡುವ ಮುನ್ನ, ಗುರುವಾರವೇ ಆಡಿಸಿದರು.

ಇದನ್ನು ಓದಿ ಧೈರ್ಯ ತಂದುಕೊಳ್ಳಬೇಡಿ. ಶನಿವಾರದ ನೀತಿ ಇಲ್ಲದ ಕಾಲೇಜಿನಲ್ಲಿ ಒಬ್ಬಳೇ ಸಬ್ಬತ್ ಆಚರಿಸುವ ಹುಡುಗಿಗೆ ಈ ನಿಯಮದಿಂದ ಏನೂ ಸಿಗುವುದಿಲ್ಲ. ವೈಯಕ್ತಿಕ ಸ್ಪರ್ಧೆಗಳಲ್ಲೂ ಲೆಕ್ಕಕ್ಕೆ ಬರುವುದು ಸಂಸ್ಥೆಯ ನೀತಿಯೇ. ಅಂದರೆ ಅವಳ ರಕ್ಷಣೆ ಪೂರ್ತಿ ಕೋಚ್ ಮತ್ತು ಕ್ರೀಡಾ ವಿಭಾಗದ ಜೊತೆ ಸಹಿಗೆ ಮುಂಚೆ ಆಗುವ ಒಪ್ಪಂದದಲ್ಲಿದೆ.

ಇನ್ನೊಂದು ಮಾತು. "ಧಾರ್ಮಿಕ ಕಾಲೇಜು, ಅರ್ಥ ಮಾಡಿಕೊಳ್ಳುತ್ತಾರೆ" ಎಂದು ಭಾನುವಾರ ಆಡದ ಕಾಲೇಜನ್ನು ಹುಡುಕಿಕೊಂಡು ಹೋಗಬೇಡಿ. ಭಾನುವಾರ ಮುಚ್ಚಿದರೆ ವಾರಾಂತ್ಯದ ಪಂದ್ಯಗಳೆಲ್ಲ ಶುಕ್ರವಾರ, ಶನಿವಾರಕ್ಕೇ ಬಂದು ಬೀಳುತ್ತವೆ. ನಿಮಗೆ ಬೇಕಿರುವುದು ಶುಕ್ರವಾರ ಮಧ್ಯಾಹ್ನ ಮತ್ತು ಭಾನುವಾರ ಆಡುವ ಕಾನ್ಫರೆನ್ಸ್, ಅಂದರೆ ತಮ್ಮತಮ್ಮಲ್ಲೇ ಪಂದ್ಯವಾಡುವ ಕಾಲೇಜುಗಳ ಗುಂಪು.

ಈಗ ಸೂರ್ಯಾಸ್ತದ ಲೆಕ್ಕ. ಬೆಂಗಳೂರಿನಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ವರ್ಷವಿಡೀ ಸಂಜೆ ಸುಮಾರು 5:50ರಿಂದ 6:50ರೊಳಗೆ ಹೊತ್ತು ಮುಳುಗುತ್ತದೆ. ಷಿಕಾಗೋದಲ್ಲಿ ಜನವರಿ ಕೊನೆಗೆ ಸಂಜೆ 5ಕ್ಕೇ ಕತ್ತಲು, ಏಪ್ರಿಲ್ ಮಧ್ಯದಲ್ಲಿ 7:30. ಅಟ್ಲಾಂಟಾದಲ್ಲಿ ಇವೇ ದಿನಗಳಿಗೆ ಸುಮಾರು 6 ಮತ್ತು 8. ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದೂ ಇದರಲ್ಲಿ ಸೇರಿದೆ. ಒಂದೇ ಟೈಮ್ ಜೋನ್‌ನಲ್ಲಿದ್ದರೂ ಪಶ್ಚಿಮಕ್ಕಿರುವ ಇಂಡಿಯಾನಾಪೊಲಿಸ್‌ನಲ್ಲಿ ಬಾಸ್ಟನ್ನಿಗಿಂತ ಎಷ್ಟೋ ತಡವಾಗಿ ಮುಳುಗುತ್ತದೆ. ಹಾಗಾಗಿ ಅವೇ ಪಂದ್ಯಗಳನ್ನು ಒಂದೂರಲ್ಲಿ ಆಡಬಹುದು, ಇನ್ನೊಂದೂರಲ್ಲಿ ಆಗುವುದಿಲ್ಲ.

ಕಾಲೇಜು ಟೆನಿಸ್‌ನ ಮುಖ್ಯ ಸೀಸನ್ ಜನವರಿಯಿಂದ ಮೇ. ಒಂದು ತಂಡ ಪಂದ್ಯ ಎಂದರೆ ಮೊದಲು ಮೂರು ಡಬಲ್ಸ್, ಒಂದೊಂದೇ ಸೆಟ್, ಮೂರೂ ಸೇರಿ ಒಂದೇ ಪಾಯಿಂಟ್. ಆಮೇಲೆ ಆರು ಸಿಂಗಲ್ಸ್, ಒಂದೊಂದಕ್ಕೆ ಒಂದು ಪಾಯಿಂಟ್. ಮೊದಲು ನಾಲ್ಕು ಪಾಯಿಂಟ್ ಮುಟ್ಟಿದವರು ಗೆದ್ದಂತೆ. ಆರು ಕೋರ್ಟ್ ಇದ್ದರೆ ಸುಮಾರು ಮೂರು ಗಂಟೆ. ಚಳಿಗಾಲದಲ್ಲಿ ಒಳಾಂಗಣದಲ್ಲಿ ನಾಲ್ಕೇ ಕೋರ್ಟ್ ಇದ್ದರೆ ಕೊನೆಯ ಎರಡು ಸಿಂಗಲ್ಸ್ ಎರಡನೇ ಪಾಳಿಗೆ ಹೋಗಿ ನಾಲ್ಕೈದು ಗಂಟೆ ಎಳೆಯುತ್ತದೆ. ಮಗಳು ಐದು ಅಥವಾ ಆರನೇ ಸ್ಥಾನದಲ್ಲಿದ್ದರೆ ಕಾಯುವವಳು ಅವಳೇ. ಷಿಕಾಗೋ ಕಡೆ ಜನವರಿಯ ಶುಕ್ರವಾರ ಮಧ್ಯಾಹ್ನ 2ಕ್ಕೆ ಶುರುವಾದ ಪಂದ್ಯ ಆರು ಕೋರ್ಟ್ ಇದ್ದರೂ ಸೂರ್ಯಾಸ್ತಕ್ಕೆ ಬಂದು ನಿಲ್ಲುತ್ತದೆ, ನಾಲ್ಕಿದ್ದರೆ ದಾಟಿಯೇ ಹೋಗುತ್ತದೆ. 12ಕ್ಕೆ ಶುರುವಾದರೆ ಉಸಿರಾಡಲು ಜಾಗ ಇರುತ್ತದೆ.

ಇದರಿಂದ ಒಂದು ವಿಚಿತ್ರ ಚಿತ್ರ ಹೊರಡುತ್ತದೆ. ಚಳಿಗಾಲದಲ್ಲಿ ಶುಕ್ರವಾರಗಳು ಕೈತಪ್ಪುತ್ತವೆ, ಆದರೆ ಶನಿವಾರ ಸಂಜೆ 6ಕ್ಕೆ ಒಳಾಂಗಣದಲ್ಲಿ ಇಟ್ಟರೆ ಆಡಬಹುದು. ಏಪ್ರಿಲ್‌ನಲ್ಲಿ ಶುಕ್ರವಾರ ಮಧ್ಯಾಹ್ನ ಆರಾಮಾಗಿ ಮುಗಿಯುತ್ತದೆ, ಶನಿವಾರ ಮಾತ್ರ ಪೂರ್ತಿ ಹೋಯಿತು. ರಾತ್ರಿ 8ಕ್ಕೆ ಯಾರೂ ಹೊರಗಡೆ ಪಂದ್ಯ ಶುರು ಮಾಡುವುದಿಲ್ಲ. ಕಾನ್ಫರೆನ್ಸ್ ಟೂರ್ನಿಗಳು ಮತ್ತು ಎನ್‌ಸಿಎಎ ಮೊದಲ ಸುತ್ತುಗಳು ಇರುವುದು ಈ ಏಪ್ರಿಲ್–ಮೇನಲ್ಲೇ. ತಂಡ ಗೆಲ್ಲುತ್ತಾ ಹೋದಷ್ಟೂ ಶನಿವಾರ ಎದುರಾಗುತ್ತದೆ. ಇದನ್ನು ಮಗಳು ಈಗಲೇ ಒಪ್ಪಿಕೊಂಡಿರಬೇಕು: ಇಡೀ ವರ್ಷ ಕಷ್ಟಪಟ್ಟು, ಅತಿ ದೊಡ್ಡ ಪಂದ್ಯದ ದಿನ ಹೊರಗೆ ಕೂರಬೇಕಾಗಬಹುದು.

ಕೋಚ್‌ಗಳು ಬಾಯಿಬಿಟ್ಟು ಹೇಳದ ಅಸಲು ಅಳುಕು ಬೇರೆಯೇ. ಸಿಂಗಲ್ಸ್‌ನಲ್ಲಿ ಆಟಗಾರ್ತಿಯರನ್ನು ಸಾಮರ್ಥ್ಯದ ಕ್ರಮದಲ್ಲೇ ಇಳಿಸಬೇಕು. ಮೂರನೇ ಸ್ಥಾನದವಳು ಇಲ್ಲದಿದ್ದರೆ ಆ ಜಾಗಕ್ಕೆ ಏಳನೆಯವಳನ್ನು ತುರುಕುವ ಹಾಗಿಲ್ಲ. ನಾಲ್ಕನೆಯವಳು ಮೂರಕ್ಕೆ, ಐದು ನಾಲ್ಕಕ್ಕೆ, ಆರು ಐದಕ್ಕೆ ಏರಿ, ಏಳನೆಯವಳು ಆರಕ್ಕೆ ಬರುತ್ತಾಳೆ. ನಾಲ್ಕು ಕೋರ್ಟುಗಳಲ್ಲಿ ನಿಮ್ಮವರು ತಮಗಿಂತ ಗಟ್ಟಿ ಎದುರಾಳಿಯ ಮುಂದೆ ನಿಂತಂತಾಯಿತು. ಮೇಲಾಗಿ ಡಬಲ್ಸ್ ಜೋಡಿಯೂ ಮುರಿಯಿತು. ಆರನೇ ಸ್ಥಾನದವಳು ತಪ್ಪಿದರೆ ಹೊಡೆತ ಒಂದೇ ಕೋರ್ಟಿಗೆ. ಹಾಗಾಗಿ "ನನ್ನನ್ನು ಎಷ್ಟನೇ ಸ್ಥಾನಕ್ಕೆ ಯೋಚಿಸಿದ್ದೀರಿ, ಶನಿವಾರ ನನ್ನ ಡಬಲ್ಸ್ ಜೊತೆಗಾತಿ ಯಾರ ಜೊತೆ ಆಡುತ್ತಾಳೆ, ಆ ಜೋಡಿಗೆ ವಾರದ ಮಧ್ಯೆ ಪ್ರಾಕ್ಟೀಸ್ ಕೊಡುತ್ತೀರಾ?" ಎಂದು ಮಗಳೇ ಕೇಳಲಿ. ಈ ಪ್ರಶ್ನೆ ಕೇಳಿದ ಹುಡುಗಿಯನ್ನು ಕೋಚ್ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ತಂಡದಲ್ಲಿ ಎಂಟು ಜನರಿದ್ದರೆ ಹೇಗೋ ನಡೆಯುತ್ತದೆ. ಆರೇಳು ಜನರ ತಂಡದಲ್ಲಿ ಒಬ್ಬಳ ಕಾಲು ಉಳುಕಿದರೂ ಒತ್ತಡ ನಿಮ್ಮ ಮಗಳ ಮೇಲೆ ಬೀಳುತ್ತದೆ. ಅಂಥ ತಂಡ ಬೇಡ ಅಂತಲೇ ನನ್ನ ಸಲಹೆ.

ಮಾತುಕತೆ ಮಾಡುವ ರೀತಿ: ಕಾಲೇಜಿನ ಕ್ರೀಡಾ ಜಾಲತಾಣದಲ್ಲಿ ಕಳೆದ ಎರಡು ವರ್ಷಗಳ ವೇಳಾಪಟ್ಟಿ ಇರುತ್ತದೆ. ಪ್ರತಿ ಶುಕ್ರವಾರ, ಶನಿವಾರದ ಪಂದ್ಯದ ಮುಂದೆ ಊರು, ಶುರುವಾದ ಹೊತ್ತು, ಆ ದಿನದ ಸೂರ್ಯಾಸ್ತ ಬರೆಯಿರಿ. ಮೂರು ಗುಂಪು ಮಾಡಿ: ಆಡಬಹುದು, ಹೊತ್ತು ಬದಲಿಸಿದರೆ ಆಡಬಹುದು, ಆಗುವುದೇ ಇಲ್ಲ. ಎರಡನೇ ಗುಂಪಿನಲ್ಲಿ ತವರಿನ ಪಂದ್ಯಗಳೆಷ್ಟು ಎಂದು ಗುರುತು ಹಾಕಿ. ಅವುಗಳ ಹೊತ್ತು ನಿಮ್ಮ ಕೋಚ್ ಕೈಯಲ್ಲಿರುತ್ತದೆ, ಹೊರಗಿನವು ಎದುರಾಳಿ ಕೋಚ್ ಕೃಪೆ. ಈ ಹಾಳೆ ಮುಂದಿಟ್ಟುಕೊಂಡೇ ವಿಡಿಯೊ ಕಾಲ್‌ಗೆ ಕೂರಿ. ಧರ್ಮಸ್ವಾತಂತ್ರ್ಯದ ಬಗ್ಗೆ ಅರ್ಧ ಗಂಟೆ ಮಾತಾಡುವುದಕ್ಕಿಂತ ಈ ಹಾಳೆಯ ಮೇಲೆ ಹತ್ತು ನಿಮಿಷ ಮಾತಾಡುವುದು ಉಪಯೋಗಕ್ಕೆ ಬರುತ್ತದೆ. ಮೊದಲ ಇಮೇಲ್‌ನಲ್ಲೇ ವಿಷಯ ಹೇಳಿಬಿಡಿ. ಸೇರಿದ ಮೇಲೆ ಹೇಳಿದರೆ ಮೋಸ ಮಾಡಿದಂತೆ ಕಾಣುತ್ತದೆ.

ಮಗಳು ಎಲ್ಲಿ ಗೆರೆ ಎಳೆಯುತ್ತಾಳೆ ಎಂಬುದೂ ಸ್ಪಷ್ಟವಿರಲಿ. ಒಂದೇ ನಂಬಿಕೆಯವರಲ್ಲೂ ಗೆರೆ ಬೇರೆ ಬೇರೆ. 2021ರಲ್ಲಿ ಇಬ್ಬರು ಸಂಪ್ರದಾಯಸ್ಥ ಯೆಹೂದ್ಯ ಹುಡುಗರು ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಜೇಕಬ್ ಸ್ಟೈನ್‌ಮೆಟ್ಜ್ ಸಬ್ಬತ್ ದಿನವೂ ಆಡುತ್ತಾರೆ, ಆದರೆ ವಾಹನ ಹತ್ತದೆ ಹೋಟೆಲಿನಿಂದ ಮೈದಾನಕ್ಕೆ ನಡೆದು ಹೋಗುತ್ತಾರೆ. ಎಲಿ ಕ್ಲಿಗ್‌ಮನ್ ಸಬ್ಬತ್ ದಿನ ಆಡುವುದೇ ಇಲ್ಲ ಎಂದರು. ಆಮೇಲೆ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯ ಸೇರಿದರು. ಕೋಚ್ ಇನ್ನೊಬ್ಬ ಆಟಗಾರನನ್ನು ತೋರಿಸಿ "ಅವನು ಆಡಿದನಲ್ಲ, ನಿನಗೇನು?" ಅನ್ನುವುದು ಇಂಥ ಕಡೆಯೇ. ಹಾಗಾಗಿ ಒಂದು ಪುಟ ಬರೆದಿಡಿ: ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಪಂದ್ಯ ಇಲ್ಲ, ಪ್ರಾಕ್ಟೀಸ್ ಇಲ್ಲ. ತಂಡದ ಬಸ್ಸಿನಲ್ಲಿ ಪ್ರಯಾಣ ಸರಿಯೇ? ಆಡದೆ ಬೆಂಚಿನಲ್ಲಿ ಕೂತು ತಂಡವನ್ನು ಹುರಿದುಂಬಿಸುವುದು? ವಿಡಿಯೊ ವಿಶ್ಲೇಷಣೆಯ ಮೀಟಿಂಗ್? ಶುಕ್ರವಾರದ ಪಂದ್ಯ ಮಳೆಯಿಂದ ತಡವಾಗಿ ಸೂರ್ಯಾಸ್ತ ದಾಟುವ ಹಾಗಿದ್ದರೆ ಮಧ್ಯದಲ್ಲೇ ಬಿಟ್ಟು ಬರುತ್ತಾಳೆಯೇ? ಕೊನೆಯ ಪ್ರಶ್ನೆಗೆ ಉತ್ತರ ಮನೆಯಲ್ಲೇ ತೀರ್ಮಾನವಾಗಿರಬೇಕು. ಸ್ಕೋರ್ 3–3 ಇರುವಾಗ ಕೋರ್ಟಿನ ಪಕ್ಕ ನಿಂತು ತೀರ್ಮಾನಿಸುವ ವಿಷಯವಲ್ಲ ಅದು.

ಹೊರಗಿನ ಪಂದ್ಯಗಳ ಸಣ್ಣಪುಟ್ಟ ವ್ಯವಸ್ಥೆ ಸುಲಭ. ಸಬ್ಬತ್ ದಿನ ಹಣ ಕೊಟ್ಟು ಊಟ ಕೊಳ್ಳುವುದಿಲ್ಲವಾದರೆ ಶುಕ್ರವಾರ ಮಧ್ಯಾಹ್ನವೇ ಮೂರು ಹೊತ್ತಿನ ಸಸ್ಯಾಹಾರ ಕಟ್ಟಿಸಿಕೊಡಲು ತಂಡದ ಮ್ಯಾನೇಜರ್‌ಗೆ ಹೇಳಬೇಕು, ರೂಮಿನಲ್ಲಿ ಫ್ರಿಜ್ ಇದೆಯೇ ಕೇಳಬೇಕು. ಭಾನುವಾರದ ಪಂದ್ಯಕ್ಕೆ ಬಸ್ಸು ಶನಿವಾರ ಮಧ್ಯಾಹ್ನ ಹೊರಟರೆ, ಅವಳು ಸೂರ್ಯಾಸ್ತದ ನಂತರ ಯಾರ ಜೊತೆ ಬರುತ್ತಾಳೆ ಎಂಬುದಕ್ಕೆ ಮೊದಲೇ ಅನುಮತಿ ಬೇಕು. ತಂಡದ ಜೊತೆಗೇ ಪ್ರಯಾಣಿಸಬೇಕೆಂಬ ನಿಯಮ ಸಾಮಾನ್ಯ. ಪ್ರಾಕ್ಟೀಸ್ ವಿಷಯದಲ್ಲಿ ಎನ್‌ಸಿಎಎ ನಿಯಮ ನಿಮ್ಮ ಪರ ಇದೆ: ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ ಮಿತಿ, ಒಂದು ದಿನ ಕಡ್ಡಾಯ ರಜೆ. ಆ ರಜೆಯನ್ನು ಅವಳಿಗೆ ಶನಿವಾರಕ್ಕೆ ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಟೂರ್ನಿ ನಡೆಸುವವರ ಮನಸ್ಸಿನ ಮೇಲೆ ಎಷ್ಟು ನಿಂತಿದೆ ಅನ್ನುವುದಕ್ಕೆ ಹೈಸ್ಕೂಲಿನ ಎರಡು ಪ್ರಕರಣ ಸಾಕು. 2012ರಲ್ಲಿ ಹ್ಯೂಸ್ಟನ್ನಿನ ಬೆರೆನ್ ಅಕಾಡೆಮಿ ಎಂಬ ಯೆಹೂದ್ಯ ಶಾಲೆಯ ಬಾಸ್ಕೆಟ್‌ಬಾಲ್ ಸೆಮಿಫೈನಲ್ ಶುಕ್ರವಾರ ರಾತ್ರಿ ಇತ್ತು. ಸಂಘಟಕರು ಮೊದಲು ಒಪ್ಪಲಿಲ್ಲ. ಮೊಕದ್ದಮೆ ಹೂಡಿದ ಮೇಲೆ ಮಧ್ಯಾಹ್ನ 2ಕ್ಕೆ ಬದಲಿಸಿದರು. 2022ರಲ್ಲಿ ಅಲಬಾಮಾದ ಓಕ್‌ವುಡ್ ಅಡ್ವೆಂಟಿಸ್ಟ್ ಅಕಾಡೆಮಿಯ ಪಂದ್ಯ ಶನಿವಾರ ಸಂಜೆ 4:30ಕ್ಕಿತ್ತು. ಅದೇ ದಿನದ 7:30ರ ಪಂದ್ಯದ ಜೊತೆ ಅದಲುಬದಲು ಮಾಡಲು ಎದುರಾಳಿ ಶಾಲೆಗಳೇ ಒಪ್ಪಿದ್ದವು. ಟೂರ್ನಿ ನಡೆಸುವ ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘ ಒಪ್ಪಲಿಲ್ಲ, ಓಕ್‌ವುಡ್ ಪಂದ್ಯ ಬಿಟ್ಟುಕೊಟ್ಟಿತು. ಮೊಕದ್ದಮೆಯಾದ ಮೇಲೆ ನಿಯಮ ಬದಲಾಯಿತು, ಆ ವರ್ಷದ ಹುಡುಗರಿಗೆ ಪಂದ್ಯ ಮಾತ್ರ ವಾಪಸ್ ಸಿಗಲಿಲ್ಲ. ನ್ಯಾಯಾಲಯದ ದಾರಿ ನೆಚ್ಚಬೇಡಿ. ಉದ್ಯೋಗಿಗಳ ಸಬ್ಬತ್ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಗ್ರಾಫ್ ಪ್ರಕರಣದಲ್ಲಿ ಒಳ್ಳೆಯ ತೀರ್ಪು ಕೊಟ್ಟಿದೆ, ಆದರೆ ಅದು ಉದ್ಯೋಗದ ಕಾನೂನು. ಸ್ಕಾಲರ್‌ಶಿಪ್ ಮೇಲೆ ಆಡುವ ವಿದ್ಯಾರ್ಥಿನಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಇನ್ನು ಕಾಗದ. ಇಂಥ ಕಾಲೇಜಿಗೇ ಸೇರುತ್ತೇನೆ ಎಂದು ಆಟಗಾರರು ಸಹಿ ಹಾಕುತ್ತಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಪದ್ಧತಿ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಈಗ ಸಹಿ ಬೀಳುವುದು ಕಾಲೇಜಿನ ಹಣಕಾಸು ನೆರವಿನ ಒಪ್ಪಂದಕ್ಕೆ. ಅದರಲ್ಲಿ ಸಬ್ಬತ್ ಸಾಲು ಸೇರಿಸಲು ಹೆಚ್ಚಿನವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಕೋಚ್ ಜೊತೆಗೆ ಕ್ರೀಡಾ ವಿಭಾಗದ ಅನುಪಾಲನಾ ಅಧಿಕಾರಿಯಿಂದಲೂ, ಅಂದರೆ ಅವರು ಕಂಪ್ಲಯನ್ಸ್ ಎನ್ನುವ ಕಚೇರಿಯಿಂದಲೂ, ಇಮೇಲ್ ತರಿಸಿಕೊಳ್ಳಿ. ಅದರಲ್ಲಿ ಒಂದು ವಾಕ್ಯ ಇರಲೇಬೇಕು: ಸಬ್ಬತ್ ಕಾರಣಕ್ಕೆ ಪಂದ್ಯ ತಪ್ಪಿಸುವುದನ್ನು "ಸ್ವಯಂ ಇಚ್ಛೆಯಿಂದ ತಂಡ ಬಿಡುವುದು" ಎಂದು ಪರಿಗಣಿಸುವುದಿಲ್ಲ. ಯಾಕೆಂದರೆ ಸ್ವಯಂ ಇಚ್ಛೆಯಿಂದ ಬಿಟ್ಟರೆ ವರ್ಷದ ಮಧ್ಯದಲ್ಲೂ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ವರ್ಷದ ಕೊನೆಗೆ ನವೀಕರಿಸದಿದ್ದರೆ ಜುಲೈ 1ರೊಳಗೆ ತಿಳಿಸಬೇಕು, ಕ್ರೀಡಾ ವಿಭಾಗದ ಹೊರಗಿನವರ ಮುಂದೆ ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವಳಿಗೆ ಸ್ಕಾಲರ್‌ಶಿಪ್ ಹೋದರೆ ಆ ಹಣ ಬೇರೆಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ತಕ್ಷಣ ಏಳುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಕೋಚ್‌ಗಳು ಕೆಲಸ ಬದಲಾಯಿಸುತ್ತಲೇ ಇರುತ್ತಾರೆ. ಒಪ್ಪಿಕೊಂಡವರು ಮುಂದಿನ ವರ್ಷ ಇನ್ನೊಂದು ಕಾಲೇಜಿನಲ್ಲಿರಬಹುದು, ಹೊಸಬರಿಗೆ ಹಳೆಯ ಮಾತಿನ ಹಂಗಿಲ್ಲ. ಅನುಪಾಲನಾ ಕಚೇರಿಯ ಇಮೇಲ್ ಬೇಕು ಅಂದಿದ್ದು ಇದಕ್ಕೂ ಸೇರಿ. ಹೊಸ ಕೋಚ್ ಬಂದ ಮೊದಲ ವಾರದಲ್ಲೇ ಆ ಇಮೇಲ್ ಮತ್ತು ಹೊಸ ಸೀಸನ್ನಿನ ಸೂರ್ಯಾಸ್ತದ ಹಾಳೆ ಅವರ ಮೇಜಿಗೆ ಹೋಗಲಿ. ಇಬ್ಬರು ಕೋಚ್‌ಗಳಲ್ಲಿ ಯಾರನ್ನು ಆರಿಸುವುದು ಅಂತ ಕೇಳಿದ್ದಿರಿ: "ಚಿಂತೆ ಬೇಡ" ಅಂದವರಿಗೂ, ಇನ್ನೊಬ್ಬರಿಗೂ ಆ ಹಾಳೆ ಕಳಿಸಿ. ಯಾವ ಪಂದ್ಯಗಳು ಕೈತಪ್ಪುತ್ತವೆ ಎಂದು ಹೆಸರು ಹಿಡಿದು ಯಾರು ಉತ್ತರ ಬರೆಯುತ್ತಾರೋ ಅವರ ಕಡೆ ಹೋಗಿ.